ದೀಪ ಹಿಡಿದ ಮಗಳು

ಮಳವಳ್ಳಿಯ ನಮ್ಮ ನಡುಮನೆಯಲ್ಲಿ ಕ್ಯಾಲೆಂಡರಿನ ಚಿತ್ರವೊಂದಕ್ಕೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದರು. ಸೀರೆಯುಟ್ಟ ಹೆಣ್ಣೊಬ್ಬಳು ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅದಕ್ಕೆ ಮರೆಮಾಡಿ ನಿಂತಿದ್ದಾಳೆ. ಅಮ್ಮ ಅವಳನ್ನು ‘ದೀಪದ ಮಲ್ಲಿ’ ಎನ್ನುತ್ತಿದ್ದಳು. ಬರೆದವನು ರವಿವರ್ಮನೆಂಬ ಬಗ್ಗೆ ಮನೆಯಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಮದ್ದೂರಿನಲ್ಲಿ ವಡೆ ತಿನ್ನಲೆಂದು ಹೊಕ್ಕ ಹೋಟೆಲಿನ ಗೋಡೆಯ ಮೇಲೂ ಅವಳೇ ಇದ್ದಳು; ಗಲ್ಲಾದಲ್ಲಿ ಕುಳಿತಿದ್ದ ಯಜಮಾನರೂ ರವಿವರ್ಮನ ಹೆಸರನ್ನೇ ಹೇಳಿದರು.

ಹೀಗೆ ಕೇಳಿ ಬೆಳೆದ ನಾನು ಮಂಡ್ಯದಲ್ಲಿ ಪಾಠ ಹೇಳುವಾಗ ಎಡವಿದೆ. ನಮ್ಮ ಜಿಲ್ಲೆಯವರೇ ಆದ ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರ 1947ರ ಸಂಕಲನದ ಹೆಸರೂ ‘ದೀಪದ ಮಲ್ಲಿ’ಯಷ್ಟೆ. ಆ ಮಾತು ಬಂದೊಡನೆ ಈ ಚಿತ್ರವನ್ನೂ ರವಿವರ್ಮನನ್ನೂ ಎಳೆದು ತಂದೆ. ಹುಡುಗಿಯೊಬ್ಬಳು ಎದ್ದು, “ಅದು ಯಾವ ಇಸವಿಯ ಚಿತ್ರ, ಸಾರ್?” ಎಂದಳು. ಉತ್ತರ ತಿಳಿದಿರಲಿಲ್ಲ, ಗಂಟೆ ಬಾರಿಸಿದ್ದು ನನ್ನ ಪುಣ್ಯ.

ಮುಂದಿನ ಭಾನುವಾರ ಮೈಸೂರಿನ ರೈಲು ಹತ್ತಿದೆ. ಮೂಲ ಚಿತ್ರವಿರುವುದು ಅಲ್ಲಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ. ಬರೆದವರು ಎಸ್. ಎಲ್. ಹಲ್ದಂಕರ್, 1882ರಲ್ಲಿ ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತವರು. ಚಿತ್ರದ ಕಾಲ 1945-46. ರವಿವರ್ಮ ತೀರಿಕೊಂಡದ್ದೋ 1906ರಲ್ಲಿ!

ಇನ್ನೂ ಹೆಚ್ಚಿನ ಅಚ್ಚರಿಯೆಂದರೆ ಅದು ಜಲವರ್ಣದ್ದು. ಎಣ್ಣೆಬಣ್ಣದವನು ಕತ್ತಲೆಯನ್ನು ಬಳಿದು ಅದರ ಮೇಲೆ ಬೆಳಕನ್ನು ಇಡಬಲ್ಲ. ಜಲವರ್ಣದವನಿಗೆ ಬೆಳಕೆಂದರೆ ಉಳಿಸಿಕೊಂಡ ಕಾಗದ. ತೆಳುವಾದ ಬಣ್ಣದ ಕೆಳಗಿನಿಂದ ಬಿಳುಪು ಹೊಮ್ಮಬೇಕು. ಒಮ್ಮೆ ಕಪ್ಪಾಯಿತೆಂದರೆ ಮತ್ತೆ ಬೆಳಗಿಸುವುದು ಕಷ್ಟ. ಬೆರಳುಗಳ ಅಂಚಿನಲ್ಲಿ ಒಳಗಿನ ರಕ್ತವೇ ಹೊಳೆದಂತಿರುವ ಆ ಕೆಂಪಿನ ಮುಂದೆ ನಾನು ಬಹಳ ಹೊತ್ತು ನಿಂತೆ. ನಮ್ಮ ಕ್ಯಾಲೆಂಡರಿನಲ್ಲಿ ಅದು ಬರೀ ಕುಂಕುಮದ ಬಣ್ಣವಾಗಿತ್ತು.

ಬೆಳಕನ್ನೇ ವಸ್ತುವಾಗಿ ಹಿಡಿದವರೆಂದರೆ ಪ್ಯಾರಿಸ್ಸಿನ ಇಂಪ್ರೆಷನಿಸ್ಟರು. 1874ರ ಅವರ ಪ್ರದರ್ಶನ ನೋಡಿದ ಟೀಕಾಕಾರರು ಅಣಕಕ್ಕೆ ಬಳಸಿದ ಹೆಸರೇ ಅವರಿಗೆ ನಿಂತಿತು. ಮರುವರ್ಷ ಮೊನೆ ತನ್ನ ಹೆಂಡತಿ ಕಮೀಲಳನ್ನು ಕೊಡೆ ಹಿಡಿಸಿ ಬಯಲಿನಲ್ಲಿ ನಿಲ್ಲಿಸಿ ಬರೆದ. ಅಲ್ಲಿ ಅವಳ ಮುಖಕ್ಕಿಂತ ಬಿಸಿಲೂ ಗಾಳಿಯೂ ಮುಖ್ಯ. ಕುಂಚದ ಗೀಟುಗಳು ಎದ್ದುಕಾಣುತ್ತವೆ. ಹಲ್ದಂಕರ್ ಆ ಪಂಥದವರಲ್ಲ. ಅವರ ಕುಂಚ ತನ್ನ ಗುರುತನ್ನು ಮರೆಸುತ್ತದೆ. ಮುಖವನ್ನು ಬೆಳಕಿಗೆ ಬಲಿಗೊಡುವುದಿಲ್ಲ. ನನಗೆ ಇವರ ಸಂಯಮವೇ ಹೆಚ್ಚು ಪ್ರಿಯ. ಆದರೂ ಇಬ್ಬರೂ ಬೆಳಕನ್ನು ಕಂಡದ್ದು ತಮ್ಮ ಮನೆಯ ಹೆಣ್ಣುಮಗಳ ಮೇಲೆಯೇ. ದೀಪ ಹಿಡಿದವಳು ಹಲ್ದಂಕರರ ಮಗಳು ಗೀತಾ. ಆಕೆ 102 ವರ್ಷ ಬಾಳಿ, 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು.

ತರಗತಿಯಲ್ಲಿ ತಪ್ಪನ್ನು ಒಪ್ಪಿಕೊಂಡೆ. ಮಳವಳ್ಳಿಗೆ ಹೋದಾಗ ಅಮ್ಮನಿಗೂ ಎಲ್ಲವನ್ನೂ ಹೇಳಿದೆ. ರವಿವರ್ಮ ಹೋದದ್ದಕ್ಕೆ ಆಕೆಗೆ ಚಿಂತೆಯೇನೂ ಆಗಲಿಲ್ಲ. ಸೆರಗಿನಿಂದ ಗಾಜಿನ ಧೂಳು ಒರೆಸುತ್ತ, “ಅವರಪ್ಪ ಬರ್ಯೋವರ್ಗೂ ಹಿಡ್ಕೊಂಡೇ ನಿಂತಿದ್ಲಾ? ಕೈ ಎಷ್ಟು ಸೋತಿತ್ತೋ ಮಗೀಗೆ” ಎಂದಳು.