ಹಡಗಿನಿಂದ ಬಂದ ಹಾಡುಗಳ ಪಟ್ಟಿ: ಅಳತೆಯೋ, ಆಯ್ಕೆಯೋ?

ನೀರು ಎಷ್ಟು ಬಿಸಿಯಾಗಿದೆ ಎಂದು ತಿಳಿಯಲು ಉಷ್ಣತಾಮಾಪಕವಿದೆ. ಅಕ್ಕಿ ಎಷ್ಟಿದೆ ಎಂದು ತಿಳಿಯಲು ತಕ್ಕಡಿ ಇದೆ. ಆದರೆ ಒಂದು ಹಾಡು ಎಷ್ಟು ಜನಪ್ರಿಯ ಎಂಬುದನ್ನು ಅಳೆಯುವುದು ಹೇಗೆ? 1960ರ ದಶಕದ ಬ್ರಿಟನ್ನಿನಲ್ಲಿ ಈ ಪ್ರಶ್ನೆಗೆ ಪ್ರತಿ ವಾರವೂ ಉತ್ತರ ಸಿಗುತ್ತಿತ್ತು. ಒಂದಲ್ಲ, ಹಲವು ಉತ್ತರಗಳು! ಅವು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಅವುಗಳಲ್ಲಿ ಕೆಲವು ಬರುತ್ತಿದ್ದುದು ಕಡಲಲ್ಲಿ ಲಂಗರು ಹಾಕಿ ನಿಂತ ಹಡಗುಗಳಿಂದ. ‘ಕಡಲ್ಗಳ್ಳ ರೇಡಿಯೋ’ ಎಂದು ಹೆಸರಾದ ಈ ಹಡಗುಗಳ ಕಥೆ ಸಂಗೀತದ ಚರಿತ್ರೆಗೆ ಸೇರಿದ್ದು ನಿಜ. ಅದರೊಂದಿಗೆ ಅಳತೆ ಎಂದರೇನು ಎಂಬ ಪಾಠವೂ ಅದರಲ್ಲಿದೆ.

ಅಂಗಡಿಗೆ ದೂರವಾಣಿ ಕರೆ

ಬ್ರಿಟನ್ನಿನ ಮೊದಲ ರೆಕಾರ್ಡ್ ಮಾರಾಟದ ಪಟ್ಟಿ ಪ್ರಕಟವಾದದ್ದು 1952ರ ನವೆಂಬರ್ 14ರಂದು, ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಎಂಬ ವಾರಪತ್ರಿಕೆಯಲ್ಲಿ. ಪತ್ರಿಕೆಯ ಪರ್ಸಿ ಡಿಕಿನ್ಸ್ ಸುಮಾರು 20 ಅಂಗಡಿಗಳಿಗೆ ದೂರವಾಣಿ ಮಾಡಿ, ಯಾವ ರೆಕಾರ್ಡುಗಳು ಹೆಚ್ಚು ಖರ್ಚಾಗಿವೆ ಎಂದು ವಿಚಾರಿಸಿ ಪಟ್ಟಿಯನ್ನು ತಯಾರಿಸಿದ್ದರು. ಮುಂದೆ 1956ರಲ್ಲಿ ‘ಮೆಲೋಡಿ ಮೇಕರ್’, 1960ರಲ್ಲಿ ‘ರೆಕಾರ್ಡ್ ರಿಟೇಲರ್’ ಪತ್ರಿಕೆಗಳು ತಮ್ಮವೇ ಪಟ್ಟಿಗಳನ್ನು ಆರಂಭಿಸಿದವು. ಒಬ್ಬೊಬ್ಬರು ವಿಚಾರಿಸುತ್ತಿದ್ದ ಅಂಗಡಿಗಳು ಬೇರೆ ಬೇರೆ. ಆದ್ದರಿಂದ ಉತ್ತರಗಳೂ ಬೇರೆ ಬೇರೆ. 1963ರಲ್ಲಿ ಬೀಟಲ್ಸ್ ತಂಡದ ‘ಪ್ಲೀಸ್ ಪ್ಲೀಸ್ ಮಿ’ ಹಾಡು ಮೊದಲೆರಡು ಪತ್ರಿಕೆಗಳಲ್ಲಿ ಒಂದನೆಯ ಸ್ಥಾನಕ್ಕೇರಿತು. ‘ರೆಕಾರ್ಡ್ ರಿಟೇಲರ್’ನಲ್ಲಿ ಎರಡನೆಯ ಸ್ಥಾನದಲ್ಲೇ ನಿಂತಿತು.

ಇನ್ನೊಂದು ತೊಡಕೂ ಇತ್ತು. ಅಂಗಡಿಯವರು ಸಾಮಾನ್ಯವಾಗಿ ಹೇಳುತ್ತಿದ್ದುದು ಎಷ್ಟು ರೆಕಾರ್ಡು ಮಾರಿದೆವು ಎಂದಲ್ಲ, ಯಾವುದು ಮೊದಲು, ಯಾವುದು ಎರಡನೆಯದು ಎಂದು. ಆ ಕ್ರಮಕ್ಕೆ ಅಂಕ ಕೊಟ್ಟು ಕೂಡುತ್ತಿದ್ದರು. ಇದರಲ್ಲಿರುವ ದೋಷವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ಅರಿಯಬಹುದು. ಒಂದು ದೊಡ್ಡ ಅಂಗಡಿಯಲ್ಲಿ ‘ಕ’ ಹಾಡಿನ 500, ‘ಗ’ ಹಾಡಿನ 100 ರೆಕಾರ್ಡುಗಳು ಮಾರಾಟವಾದವು ಎನ್ನಿ. ಒಂದು ಸಣ್ಣ ಅಂಗಡಿಯಲ್ಲಿ ‘ಕ’ 20, ‘ಗ’ 21. ಮೊದಲ ಸ್ಥಾನಕ್ಕೆ 2, ಎರಡನೆಯದಕ್ಕೆ 1 ಅಂಕ ಕೊಟ್ಟರೆ ಎರಡಕ್ಕೂ 3 ಅಂಕ. ಎರಡೂ ಸರಿಸಮ! ಆದರೆ ನಿಜವಾದ ಮಾರಾಟ 520 ಮತ್ತು 121. ಕ್ರಮವನ್ನಷ್ಟೇ ಉಳಿಸಿಕೊಂಡು ಪರಿಮಾಣವನ್ನು ಕೈಬಿಟ್ಟರೆ ಹೀಗಾಗುತ್ತದೆ.

ಹಡಗೇ ಏಕೆ?

ಆಗ ಬ್ರಿಟನ್ನಿನ ನೆಲದಿಂದ ಬಾನುಲಿ ಪ್ರಸಾರ ಮಾಡುವ ಅಧಿಕಾರವಿದ್ದುದು ಬಿಬಿಸಿಗೆ ಮಾತ್ರ. ರೆಕಾರ್ಡ್ ಕಂಪನಿಗಳು ಮತ್ತು ಸಂಗೀತಗಾರರ ಸಂಘದೊಂದಿಗಿನ ಒಪ್ಪಂದದ ಪ್ರಕಾರ, ಬಿಬಿಸಿ ದಿನಕ್ಕೆ ಇಂತಿಷ್ಟೇ ಗಂಟೆ ರೆಕಾರ್ಡುಗಳನ್ನು ನುಡಿಸಬಹುದಾಗಿತ್ತು. ಹೊಸ ಹಾಡುಗಳನ್ನು ಕೇಳಬಯಸುವವರು ರಾತ್ರಿ ರೇಡಿಯೋ ಲಕ್ಸೆಂಬರ್ಗ್‌ಗೆ ಕಾಯಬೇಕಿತ್ತು. ರಾತ್ರಿಯೇ ಏಕೆ? ಮಧ್ಯಮ ತರಂಗಗಳನ್ನು ಹಗಲಿನಲ್ಲಿ ಅಯಾನುಗೋಳದ ಕೆಳಪದರ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕ್ಷೀಣಿಸಿ, ತರಂಗಗಳು ಮೇಲಿನ ಪದರಗಳಿಂದ ಪ್ರತಿಫಲನಗೊಂಡು ದೂರದ ದೇಶಗಳನ್ನು ತಲುಪುತ್ತವೆ. ಲಕ್ಸೆಂಬರ್ಗ್‌ನಲ್ಲೂ ರೆಕಾರ್ಡ್ ಕಂಪನಿಗಳೇ ಸಮಯವನ್ನು ಕೊಂಡು ತಮ್ಮ ಹಾಡುಗಳನ್ನು ಕೇಳಿಸುತ್ತಿದ್ದವು.

ಕಾನೂನಿನಲ್ಲಿ ಒಂದು ಕಿಂಡಿ ಇತ್ತು. ಅಂದು ಬ್ರಿಟನ್ನಿನ ಜಲಸೀಮೆ ತೀರದಿಂದ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್. ಅದರಾಚೆ ನಿಂತ ವಿದೇಶಿ ಹಡಗಿಗೆ ಬ್ರಿಟನ್ನಿನ ಪ್ರಸಾರ ಕಾನೂನು ತಟ್ಟುತ್ತಿರಲಿಲ್ಲ. ಐರ್ಲೆಂಡಿನ ರೋನನ್ ಓ’ರಹಿಲಿ ಈ ಕಿಂಡಿಯನ್ನು ಬಳಸಿಕೊಂಡು, 1964ರ ಮಾರ್ಚ್ 28ರಂದು ಫೆಲಿಕ್ಸ್‌ಸ್ಟೋ ತೀರದಾಚೆ ನಿಂತ ಹಡಗಿನಿಂದ ‘ರೇಡಿಯೋ ಕ್ಯಾರೊಲೈನ್’ ಪ್ರಸಾರವನ್ನು ಆರಂಭಿಸಿದ. ಅದೇ ವರ್ಷದ ಡಿಸೆಂಬರಿನಲ್ಲಿ, ಅಮೆರಿಕದ ನೌಕಾಪಡೆಯಲ್ಲಿ ಸ್ಫೋಟಕ ಪತ್ತೆಗೆ ಬಳಸುತ್ತಿದ್ದ ‘ಗ್ಯಾಲಕ್ಸಿ’ ಎಂಬ ಹಡಗಿನಿಂದ ‘ರೇಡಿಯೋ ಲಂಡನ್’ ಶುರುವಾಯಿತು. ಇದರ ಬಂಡವಾಳ ಬಂದದ್ದು ಟೆಕ್ಸಸ್‌ನಿಂದ.

ಭೌತವಿಜ್ಞಾನವೂ ಈ ಹಡಗುಗಳ ಪರವಾಗಿತ್ತು. ಉಪ್ಪುನೀರಿನ ವಿದ್ಯುದ್ವಾಹಕತೆ ಸಾಮಾನ್ಯ ಮಣ್ಣಿನದಕ್ಕಿಂತ ನೂರಾರು ಪಟ್ಟು ಹೆಚ್ಚು. ಹೀಗಾಗಿ ಕಡಲ ಮೇಲ್ಮೈಯನ್ನು ಅನುಸರಿಸಿ ಸಾಗುವ ಮಧ್ಯಮ ತರಂಗಗಳು ಹೆಚ್ಚು ಸೊರಗದೆ ಹಗಲಲ್ಲೂ ದೂರ ಸಾಗುತ್ತವೆ. ಕ್ಯಾರೊಲೈನ್ ಘೋಷಿಸುತ್ತಿದ್ದ ತರಂಗದೂರ 199 ಮೀಟರ್. ಹಡಗಿನ ಆಂಟೆನಾ ಕಂಬದ ಎತ್ತರ ಸುಮಾರು 50 ಮೀಟರ್. ಕಂಬವು ತರಂಗದೂರದ ಕಾಲುಭಾಗವಿದ್ದರೆ ಪ್ರಸಾರಕ್ಕೆ ಅನುಕೂಲ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ನೆನೆಯಬಹುದು.

ನಲವತ್ತು ಹಾಡುಗಳ ಸೂತ್ರ

ರೇಡಿಯೋ ಲಂಡನ್ ತನ್ನೊಂದಿಗೆ ತಂದದ್ದು ಅಮೆರಿಕದ ‘ಟಾಪ್ ನಲವತ್ತು’ ಸೂತ್ರ. ಆರಿಸಿದ ಸುಮಾರು 40 ಹಾಡುಗಳನ್ನೇ ದಿನವಿಡೀ ಮತ್ತೆ ಮತ್ತೆ ಕೇಳಿಸುವುದು, ಮೇಲಿನ ಸ್ಥಾನದವನ್ನು ಇನ್ನೂ ಹೆಚ್ಚು ಬಾರಿ ಕೇಳಿಸುವುದು ಇದರ ತಿರುಳು. ಈ ಕೇಂದ್ರದ ಪಟ್ಟಿಯ ಹೆಸರು ‘ಫ್ಯಾಬ್ ಫಾರ್ಟಿ’. ಪ್ರತಿ ಭಾನುವಾರ ಹೊಸ ಪಟ್ಟಿ ಬರುತ್ತಿತ್ತು.

ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಈ ಪಟ್ಟಿ ಅಂಗಡಿಗಳ ಮಾರಾಟದ ಲೆಕ್ಕವಾಗಿರಲಿಲ್ಲ. ಯಾವ ಹಾಡನ್ನು ಎಷ್ಟು ನುಡಿಸಬೇಕು ಎಂದು ಕೇಂದ್ರದವರೇ ಮಾಡಿಕೊಂಡ ತೀರ್ಮಾನ ಅದರಲ್ಲಿತ್ತು. ಪತ್ರಿಕೆಗಳ ಪಟ್ಟಿಗೆ ಹೋಲಿಸಿದರೆ ಹಾಡುಗಳು ಇಲ್ಲಿ ವಾರಗಳ ಮೊದಲೇ ಮೇಲೇರುತ್ತಿದ್ದವು, ಮೊದಲೇ ಇಳಿಯುತ್ತಿದ್ದವು. ಆದರೂ ‘ಈ ವಾರ ಒಂದನೆಯ ಸ್ಥಾನ’ ಎಂದು ನಿರೂಪಕ ಕೂಗಿದಾಗ, ಅದೊಂದು ಅಳತೆಯ ಫಲಿತಾಂಶದಂತೆಯೇ ಕೇಳಿಸುತ್ತಿತ್ತು. ಸಂಖ್ಯೆಯ ಮಹಿಮೆಯೇ ಅಂಥದ್ದು.

ಮಾಪಕವೇ ಕಾರಣವಾದಾಗ

1967ರಲ್ಲಿ ಪ್ರೋಕಲ್ ಹ್ಯಾರಮ್ ಎಂಬ ಹೊಸ ತಂಡದ ‘ಎ ವೈಟರ್ ಶೇಡ್ ಆಫ್ ಪೇಲ್’ ಹಾಡು ಅಂಗಡಿಗೆ ಬರುವ ಮೊದಲೇ ರೇಡಿಯೋ ಲಂಡನ್‌ನಲ್ಲಿ ಕೇಳಿಬಂತು. ಮೇ ತಿಂಗಳಲ್ಲಿ ರೆಕಾರ್ಡು ಬಿಡುಗಡೆಯಾಯಿತು. ಜೂನ್‌ನಲ್ಲಿ ಅದು ಮಾರಾಟದ ಪಟ್ಟಿಯ ತುದಿಗೇರಿ ಆರು ವಾರ ಅಲ್ಲೇ ಉಳಿಯಿತು. ಹಡಗಿನವರು ಭವಿಷ್ಯವನ್ನು ಸರಿಯಾಗಿ ಊಹಿಸಿದರೆ? ಅಥವಾ ಅವರು ಕೇಳಿಸಿದ್ದರಿಂದಲೇ ಜನ ಕೊಂಡರೆ? ಲಕ್ಷಾಂತರ ಮಂದಿ ಕೇಳುತ್ತಿದ್ದ ಕೇಂದ್ರದ ವಿಷಯದಲ್ಲಿ ಇವೆರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಒಂದು ಚಮಚ ಬಿಸಿನೀರಿನಲ್ಲಿ ದೊಡ್ಡ ಉಷ್ಣತಾಮಾಪಕವನ್ನು ಅದ್ದಿದರೆ ಮಾಪಕವೇ ನೀರನ್ನು ತಣಿಸುತ್ತದೆ. ಇಲ್ಲಿ ಪಟ್ಟಿಯೇ ಜನಪ್ರಿಯತೆಯನ್ನು ಬದಲಿಸುತ್ತಿತ್ತು. ಪಟ್ಟಿಯಲ್ಲಿದ್ದರೆ ಪ್ರಸಾರ, ಪ್ರಸಾರವಾದರೆ ಮಾರಾಟ, ಮಾರಾಟವಾದರೆ ಮತ್ತೆ ಪಟ್ಟಿಯಲ್ಲಿ ಸ್ಥಾನ. ಎಂಜಿನಿಯರುಗಳು ಇದನ್ನು ಧನ ಮರುಪೂರಣ ಎನ್ನುತ್ತಾರೆ. ಧ್ವನಿವರ್ಧಕದ ಮುಂದೆ ಮೈಕ್ ಹಿಡಿದಾಗ ಕೇಳುವ ಕಿರುಚಾಟಕ್ಕೂ ಇದೇ ಕಾರಣ.

ಪಟ್ಟಿ ತಯಾರಿಸುವವರಿಗೆ ಹಾಡಿನಲ್ಲಿ ಲಾಭವಿದ್ದರಂತೂ ಸಮಸ್ಯೆ ಇನ್ನೂ ಜಟಿಲ. 1966ರಲ್ಲಿ ಕ್ಯಾರೊಲೈನ್‌ನ ನಿರ್ದೇಶಕರಲ್ಲಿ ಒಬ್ಬನಾದ ಫಿಲ್ ಸಾಲೊಮನ್‌, ‘ಮೇಜರ್ ಮೈನರ್’ ಎಂಬ ರೆಕಾರ್ಡ್ ಕಂಪನಿಯ ಸ್ಥಾಪಕನೂ ಆಗಿದ್ದ. ಆ ಕಂಪನಿಯ ಹಾಡುಗಳು ಕ್ಯಾರೊಲೈನ್‌ನಲ್ಲಿ ಹೇರಳವಾಗಿ ಪ್ರಸಾರವಾದವು. ಕೇಳುಗನಿಗೆ ಇದು ಇಷ್ಟಪಟ್ಟವರ ಸಂಖ್ಯೆಯೋ, ವ್ಯಾಪಾರದ ಹಿತವೋ ಎಂದು ತಿಳಿಯುವ ದಾರಿ ಇರಲಿಲ್ಲ.

ಹಾಗೆಂದು ಹಡಗುಗಳನ್ನು ಬರಿದೆ ದೂರುವಂತಿಲ್ಲ. ಬಿಬಿಸಿಯಲ್ಲಾಗಲಿ, ದೊಡ್ಡ ಕಂಪನಿಗಳ ಹಿಡಿತದ ಲಕ್ಸೆಂಬರ್ಗ್‌ನಲ್ಲಾಗಲಿ ಜಾಗ ಸಿಗದ ಅನೇಕ ಹೊಸಬರಿಗೆ ಅವು ಬಾಗಿಲು ತೆರೆದವು. ಅಂಗಡಿಗೆ ಹಾಡು ಬಾರದಿದ್ದರೆ ಮಾರಾಟದ ಲೆಕ್ಕದಲ್ಲಿ ಅದು ಶೂನ್ಯ. ಜನ ಅದನ್ನು ಕೇಳಿ ತಿರಸ್ಕರಿಸಿದರೋ, ಕೇಳಲೇ ಇಲ್ಲವೋ ಎಂಬುದನ್ನು ಆ ಶೂನ್ಯ ಹೇಳುವುದಿಲ್ಲ.

ಕಾನೂನು ಮತ್ತು ಹೊಸ ಅಳತೆ

ತರಂಗಗಳ ಹಂಚಿಕೆಯ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಹಡಗುಗಳು ಮುರಿಯುತ್ತಿವೆ, ಸಂಭಾವನೆ ಕೊಡದೆ ರೆಕಾರ್ಡುಗಳನ್ನು ಬಳಸುತ್ತಿವೆ ಎಂಬುದು ಸರ್ಕಾರದ ಆಕ್ಷೇಪವಾಗಿತ್ತು. 1967ರ ಸಾಗರ ಪ್ರಸಾರ ಅಪರಾಧ ಕಾಯ್ದೆಯು ಹಡಗುಗಳಿಗೆ ಜಾಹೀರಾತು, ಸಾಮಗ್ರಿ ಒದಗಿಸುವುದನ್ನೂ ಅಲ್ಲಿ ಬ್ರಿಟಿಷರು ಕೆಲಸ ಮಾಡುವುದನ್ನೂ ಅಪರಾಧವೆಂದು ಸಾರಿತು. ಆಗಸ್ಟ್ 14ರ ಮಧ್ಯಾಹ್ನ 3 ಗಂಟೆಗೆ ರೇಡಿಯೋ ಲಂಡನ್ ಮೌನವಾಯಿತು. ಅದೇ ನಡುರಾತ್ರಿ ಕಾಯ್ದೆ ಜಾರಿಗೆ ಬಂತು. ಕ್ಯಾರೊಲೈನ್ ಮಾತ್ರ 1968ರ ಮಾರ್ಚ್‌ವರೆಗೆ ಹಟ ಹಿಡಿದು ನಡೆಯಿತು. ಈ ನಡುವೆ, 1967ರ ಸೆಪ್ಟೆಂಬರ್ 30ರಂದು ಬಿಬಿಸಿ ತನ್ನದೇ ‘ರೇಡಿಯೋ 1’ ಆರಂಭಿಸಿ, ಹಡಗಿನ ಹಲವು ನಿರೂಪಕರನ್ನೇ ಕೆಲಸಕ್ಕೆ ತೆಗೆದುಕೊಂಡಿತು.

ಆದರೆ ಅಳತೆಯ ಸಮಸ್ಯೆ ಹಡಗಿನೊಂದಿಗೆ ಹೋಗಲಿಲ್ಲ. ಬಿಬಿಸಿ ಬಳಸುತ್ತಿದ್ದುದು ಹಲವು ಪತ್ರಿಕೆಗಳ ಪಟ್ಟಿಗಳನ್ನು ಸೇರಿಸಿದ ಸರಾಸರಿ. 1968ರ ಆಗಸ್ಟ್‌ನಲ್ಲಿ ಆ ಸರಾಸರಿಯ ಪ್ರಕಾರ ಮೂರು ಹಾಡುಗಳು ಒಟ್ಟಿಗೇ ಒಂದನೆಯ ಸ್ಥಾನ ಪಡೆದವು! ಕೊನೆಗೆ ಬಿಬಿಸಿ ಮತ್ತು ‘ರೆಕಾರ್ಡ್ ರಿಟೇಲರ್’ ಕೂಡಿ ಈ ಕೆಲಸವನ್ನು ಬ್ರಿಟಿಷ್ ಮಾರುಕಟ್ಟೆ ಸಂಶೋಧನಾ ಸಂಸ್ಥೆಗೆ ಒಪ್ಪಿಸಿದವು. 1969ರ ಫೆಬ್ರವರಿಯಿಂದ ಸುಮಾರು 300 ಅಂಗಡಿಗಳು ಮಾರಾಟವನ್ನು ದಿನಚರಿಯಲ್ಲಿ ಬರೆದು ಅಂಚೆಯಲ್ಲಿ ಕಳುಹಿಸತೊಡಗಿದವು. ಕ್ರಮದ ಬದಲು ಎಣಿಕೆ ಬಂತು.

ಎಣಿಕೆ ಬಂದರೂ ಸಂದೇಹ ಪೂರ್ತಿ ತೊಲಗದು. ದೇಶದ ಕೊಳ್ಳುಗರಲ್ಲಿ ಶೇಕಡ 20 ಮಂದಿ ಒಂದು ಹಾಡನ್ನು, ಶೇಕಡ 19 ಮಂದಿ ಇನ್ನೊಂದನ್ನು ಕೊಂಡಿದ್ದಾರೆ ಎನ್ನೋಣ. 400 ಮಂದಿಯನ್ನು ಯಾದೃಚ್ಛಿಕವಾಗಿ ಆರಿಸಿದರೆ ನಾವು ನಿರೀಕ್ಷಿಸುವುದು 80 ಮತ್ತು 76. ಆದರೆ ಇಂಥ ಎಣಿಕೆಯ ಮಾನಕ ವಿಚಲನೆ ಸುಮಾರು 8. ಅಂದರೆ ಎರಡನೆಯ ಹಾಡೇ ಮೊದಲನೆಯದಾಗಿ ಕಾಣುವ ಸಾಧ್ಯತೆ ಸಾಕಷ್ಟಿದೆ.

ಈ ಪಾಠವನ್ನು ತರಗತಿಯಲ್ಲೇ ಮಾಡಿ ನೋಡಬಹುದು. ಮಕ್ಕಳು ಮೆಚ್ಚಿನ ಐದು ಹಾಡುಗಳಿಗೆ ಗುಟ್ಟಾಗಿ ಮತ ಹಾಕಲಿ. ಮರುದಿನ ಶಿಕ್ಷಕರು ಹಿಂದಿನ ದಿನದ ಎಣಿಕೆಯನ್ನು ತಿಳಿಸದೆ, ತಾವೇ ಮನಬಂದಂತೆ ಬರೆದ ಒಂದು ಪಟ್ಟಿಯನ್ನು ‘ನಿನ್ನೆಯ ಫಲಿತಾಂಶ’ ಎಂದು ಹಲಗೆಯ ಮೇಲೆ ಬರೆದು ಮತ್ತೆ ಮತ ಕೇಳಲಿ. ಎರಡು ಎಣಿಕೆಗಳಲ್ಲಿ ವ್ಯತ್ಯಾಸ ಕಂಡರೆ ಮಕ್ಕಳಿಗೆ ನಿಜ ಸಂಗತಿಯನ್ನು ಹೇಳಿ ಚರ್ಚಿಸಲಿ. ಶಾಲೆಗಳ ಶ್ರೇಯಾಂಕವಾಗಲಿ, ಚುನಾವಣಾ ಸಮೀಕ್ಷೆಯಾಗಲಿ, ಯಾವ ಪಟ್ಟಿ ಕೈಗೆ ಬಂದರೂ ಮೂರು ಪ್ರಶ್ನೆ ಕೇಳುವುದನ್ನು ಅವರು ರೂಢಿಸಿಕೊಳ್ಳಬೇಕು: ಯಾರನ್ನು ಎಣಿಸಿದರು? ಏನನ್ನು ಎಣಿಸಿದರು? ಎಣಿಸಿದವರಿಗೆ ಅದರಿಂದ ಏನು ಲಾಭ?