ತಂಪುಕೋಣೆಯ ಬೀಗದ ಕೈ ಯಾರ ಹತ್ರ?



ಮೊನ್ನೆ ಆಫೀಸಲ್ಲಿ ಸೋಲಾರ್ ಕೋಲ್ಡ್ ಸ್ಟೋರೇಜ್ ಬಗ್ಗೆ ಒಂದು ಪತ್ರ ಟೈಪ್ ಮಾಡ್ತಿದ್ದೆ. ನಮ್ಮವ್ವ ನೆನಪಾದ್ಲು. ಗುತ್ತಿಗೆಗೆ ಮಾಡಿದ ಅರ್ಧ ಎಕರೆಯ ಟೊಮೆಟೊ ಹೊತ್ತು ಸಂತೆಗೆ ಹೋಗ್ತಿದ್ಲು. ಬೆಳಿಗ್ಗೆ ಅವಳು ಹೇಳಿದ್ದು ರೇಟು. ಹೊತ್ತು ಇಳಿದ ಮೇಲೆ ಕೊಳ್ಳೋರು ಹೇಳಿದ್ದೇ ರೇಟು. "ನಾಳೆಗೆ ಕೊಳೀತದೆ, ಕೊಟ್ಟೋಗು" ಅಂದ್ರೆ ಮುಗೀತು. ಒಂದೇ ಒಂದು ದಿನ ಕಾಯೋ ಶಕ್ತಿ ಅವಳಿಗಿರಲಿಲ್ಲ.

ತಂಪಿಗೂ ಒಂದು ಚರಿತ್ರೆ ಇದೆ. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ ಅಮೆರಿಕದ ಬಾಸ್ಟನ್‌ನಿಂದ ಕಲ್ಕತ್ತಾಗೆ ಹಡಗಲ್ಲಿ ಮಂಜುಗಡ್ಡೆ ಕಳಿಸಿದ. 1842ರಲ್ಲಿ ಮದ್ರಾಸಿನ ಕಡಲತೀರದಲ್ಲಿ ಐಸ್ ಹೌಸ್ ಎದ್ದಿತು. ಕಟ್ಟಡ ಇವತ್ತಿಗೂ ಇದೆ. ಸಮುದ್ರ ದಾಟಿ ಬಂದ ಆ ತಂಪು ಸೇರಿದ್ದು ಸಾಹೇಬರ ಗ್ಲಾಸಿಗೆ. ಆಮೇಲೆ ಕರೆಂಟಿನ ಕೋಲ್ಡ್ ಸ್ಟೋರೇಜ್ ಬಂದ್ವು. ಹೆಚ್ಚಿನವು ಆಲೂಗಡ್ಡೆ ಮೂಟೆಗಳಿಗೆ. ಎರಡು ಬುಟ್ಟಿ ಸೊಪ್ಪಿನವಳಿಗೆ ಅಲ್ಲಿ ಜಾಗ ಎಲ್ಲಿ?

ಬಾಬಾಸಾಹೇಬರನ್ನು ಸಂವಿಧಾನದ ಜೊತೆ ನೆನೀತೀವಿ. 1942ರಿಂದ 46ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ವಿದ್ಯುತ್ ಯೋಜನೆ ನೋಡಿಕೊಂಡವರೂ ಅವರೇ. ಬಡತನದಿಂದ ಮೇಲೇಳಬೇಕಾದರೆ ಕರೆಂಟು ಅಗ್ಗವಾಗಿ, ಧಾರಾಳವಾಗಿ ಸಿಗಬೇಕು ಅಂತ 1943ರಲ್ಲೇ ವಾದಿಸಿದ್ದರು. ಆ ಮಾತಿನ ಕಣ್ಣಿಂದ ಈ ಸೋಲಾರ್ ಕೋಣೆ ನೋಡಿ. ಹಗಲು ಬಿಸಿಲಲ್ಲಿ ಕಂಪ್ರೆಸರ್ ಓಡುತ್ತೆ. ಕೆಲವು ಕೋಣೆಗಳಲ್ಲಿ ನೀರನ್ನು ಮಂಜುಗಡ್ಡೆ ಮಾಡಿ ತಂಪನ್ನೇ ಕೂಡಿಡ್ತಾರೆ, ರಾತ್ರಿಗೆ ಅದೇ ಸಾಕು. ಲೈನು ಕೇರಿಗೆ ಬರಲಿ ಅಂತ ಕಾಯಬೇಕಿಲ್ಲ.

ಇದು ಕನಸಲ್ಲ. ನೈಜೀರಿಯಾದಲ್ಲಿ ನ್ನಾಎಮೆಕಾ ಇಕೆಗ್ವುಒನು ಕಟ್ಟಿದ ಕೋಲ್ಡ್‌ಹಬ್ಸ್ ಸಂತೆಯಲ್ಲೇ ಸೋಲಾರ್ ಕೋಣೆ ಇಟ್ಟಿದೆ. ಶುರುವಿನಲ್ಲಿ ಕ್ರೇಟಿಗೆ ದಿನಕ್ಕೆ 100 ನೈರಾ ಬಾಡಿಗೆ. ಎರಡು ದಿನ ಬಾಳೋ ತರಕಾರಿ 21 ದಿನದವರೆಗೆ ಉಳಿಯುತ್ತೆ ಅಂತಾರೆ ಅವರು. ಮುಖ್ಯ ವಿಷಯ ಏನಂದ್ರೆ, ಕೋಣೆ ನಿಮ್ಮದಾಗಬೇಕಿಲ್ಲ, ಜಮೀನು ಬೇಕಿಲ್ಲ. ಒಂದು ಕ್ರೇಟ್ ಇದ್ರೂ ಸಾಕು.

ನಮ್ಮಲ್ಲಿ? ಕೋಲ್ಡ್ ಸ್ಟೋರೇಜ್ ಸಬ್ಸಿಡಿಯನ್ನು ಬ್ಯಾಂಕ್ ಸಾಲಕ್ಕೆ ಕಟ್ಟಿಹಾಕಿದ್ದಾರೆ. ಸಾಲಕ್ಕೆ ಪಹಣಿ ಕೇಳ್ತಾರೆ. 2015-16ರ ಕೃಷಿ ಗಣತಿ ಪ್ರಕಾರ ದೇಶದ ಸಾಗುವಳಿ ಭೂಮಿಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಶೇ. 9ಕ್ಕೂ ಕಮ್ಮಿ. ಹಾಗಾದ್ರೆ ಕೋಣೆ ಯಾರ ತೋಟದಲ್ಲಿ ಏಳುತ್ತೆ? ಬೀಗದ ಕೈ ಯಾರ ಸೊಂಟದಲ್ಲಿರುತ್ತೆ? ಕೇರಿಯ ಕ್ರೇಟನ್ನು ಒಳಗೆ ಬಿಡ್ತಾರಾ? ಮೀನು, ಮಾಂಸಕ್ಕೆ ಬೇರೆ ಕೋಣೆ ಬೇಕು, ಸರಿ. "ವಾಸನೆ" ಅನ್ನೋ ನೆಪದಲ್ಲಿ ಮಾರೋರನ್ನೇ ಹೊರಗಿಟ್ರೆ?

ಮಹಾಡ್ ಮರೀಬೇಡಿ. ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ನೀರು ಮುಟ್ಟೋಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರೇ ಜನರ ಜೊತೆ ನಡೆದು ಹೋಗಬೇಕಾಯ್ತು. ಕಾಗದ ತಾನಾಗೇ ಬಾಗಿಲು ತೆಗೆಯಲ್ಲ. ಕಾಗದ ಟೈಪ್ ಮಾಡೋ ನನಗೆ ಇದು ಚೆನ್ನಾಗಿ ಗೊತ್ತು.

ಅದಕ್ಕೇ ಈಗಲೇ ಕೇಳೋಣ: ಕೋಣೆ ಸಂತೆ ಮೈದಾನದಲ್ಲಿರಲಿ. ಬಾಡಿಗೆ ಕ್ರೇಟಿಗೆ, ದಿನಕ್ಕೆ ಇರಲಿ. ಬೀಗದ ಕೈ, ಲೆಕ್ಕದ ಪುಸ್ತಕ ಎರಡೂ ಮಾರುವ ಹೆಣ್ಣುಮಕ್ಕಳ ಸಂಘದ ಹತ್ರ ಇರಲಿ.

ನಮ್ಮವ್ವ ಈಗಿಲ್ಲ. ಆದ್ರೆ ನಾಳಿನ ಸಂತೆಯಲ್ಲಿ ಇನ್ಯಾರದ್ದೋ ಅವ್ವ "ಈ ರೇಟಿಗೆ ಕೊಡಲ್ಲ, ನಾಳೆ ಬಾ" ಅನ್ನಬೇಕು.

ನಿಮ್ಮೂರ ಸಂತೆಯಲ್ಲಿ ಏನಿದೆ, ಬರೀರಿ. ಜೈಭೀಮ್.