ಮರಳ ಮೇಲೆ ಬಡ್ಡಿಯ ಲೆಕ್ಕ

1823ರ ಆಗಸ್ಟಿನಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದರಾಸಿಗೆ ಒಂದು ವರದಿ ಕಳಿಸಿದ. ಊರೂರಿನಲ್ಲಿ ಎಷ್ಟು ಶಾಲೆಗಳಿವೆ, ಅಲ್ಲಿ ಏನು ಕಲಿಸುತ್ತಾರೆ ಎಂದು ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಕೇಳಿದ್ದಕ್ಕೆ ಅದು ಉತ್ತರ. ಜಿಲ್ಲೆಯಲ್ಲಿ ಇದ್ದದ್ದು 533 ಶಾಲೆ. ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಸಂಸ್ಕೃತ, ಪಾರ್ಸಿ ಮುಂತಾದವು. ಕಲಿಯುತ್ತಿದ್ದವರು 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಬರೀ 60.

ಲೆಕ್ಕಕ್ಕಿಂತ ಸ್ವಾರಸ್ಯವಾಗಿರುವುದು ಪಾಠದ ವಿವರ. ಬೆಳಗ್ಗೆ ಆರಕ್ಕೆಲ್ಲ ಶಾಲೆ ಶುರು. ಎಳೆಯರು ಮರಳ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಬೆಳೆದವರಿಗೆ ಇದ್ದಿಲು ಬಳಿದ ಹಲಗೆ, ಕಪ್ಪು ಬಟ್ಟೆಯ ಕಡತ, ಬರೆಯಲು ಬಳಪ. ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲುಗಳ ಲೆಕ್ಕ. ಹಣದ ಸಣ್ಣ ಸಣ್ಣ ಪಾಲುಗಳನ್ನು ಹುಡುಗರ ತಲೆಗೆ ಹತ್ತಿಸಲು ಕಲಿಸುವ ಅಯ್ಯಗಳು ಬಹಳ ಶ್ರಮಪಡುತ್ತಿದ್ದರಂತೆ. ಇದರಾಚೆಗೂ ಕೆಲವು ಪಾಠಗಳಿದ್ದವು. ಅಲ್ಲಿ ಇಲ್ಲಿ ಕೂಡಿಹಾಕಿದ ಸರ್ಕಾರಿ ಪತ್ರಗಳು, ಖಾಸಗಿ ಓಲೆಗಳನ್ನು ತಂದು, ಅವುಗಳಲ್ಲಿನ ಒರಟು ಕೈಬರಹ ಬಿಡಿಸಿ ಓದಿಸುವುದು, ಪತ್ರ ಬರೆಸುವುದು, ಕರಾರುಪತ್ರದ ಒಕ್ಕಣೆ ಕಲಿಸುವುದು.

ಹನ್ನೆರಡು ಹದಿಮೂರರ ಹುಡುಗನಿಗೆ ಕರಾರು ಬರೆಯುವ ಕೆಲಸ! ಇಂದಿನ ಯಾವ ಹೈಸ್ಕೂಲಿನಲ್ಲಿ ಇದಿದೆ? ಹಾಗೆಂದು ಆ ಶಾಲೆಗಳನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಅರ್ಥ ಗೊತ್ತಿಲ್ಲದೆ ಪದ್ಯ ಉರುಹೊಡೆಸುತ್ತಾರೆ ಎಂದು ಕ್ಯಾಂಪ್‌ಬೆಲ್ಲನೇ ದೂರಿದ್ದಾನೆ. ಬಡತನದಿಂದಾಗಿ ಕೂಸು ದುಡಿಯುವಷ್ಟಾದ ಕೂಡಲೇ ಶಾಲೆ ಬಿಡಿಸುತ್ತಾರೆ ಎಂದೂ ಬರೆದಿದ್ದಾನೆ. ಅಂದರೆ ಸಾಲಪತ್ರ ಓದುವ ವಿದ್ಯೆ ಹೆಚ್ಚಾಗಿ ದಕ್ಕಿದ್ದು ಶಾನುಭೋಗರ, ವರ್ತಕರ ಮಕ್ಕಳಿಗೆ. ಅದೇ ಪತ್ರಕ್ಕೆ ಮುಂದೊಂದು ದಿನ ಹೆಬ್ಬೆಟ್ಟು ಒತ್ತಬೇಕಾದವನ ಮಗ ಅಷ್ಟರಲ್ಲಿ ದನ ಕಾಯಲು ಹೋಗಿರುತ್ತಿದ್ದ.

ಬಡ್ಡಿಯ ಗಣಿತ ಈ ನಾಡಿಗೆ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಬಡ್ಡಿಗೆಂದೇ ಉದ್ದದ ಭಾಗವಿದೆ. ಅಸಲು ಬಡ್ಡಿ ಕೂಡಿದ ಮೊತ್ತ ಕೊಟ್ಟು ಎರಡನ್ನೂ ಬಿಡಿಸುವುದು, ಅವಧಿ ಕಂಡುಹಿಡಿಯುವುದು, ಕಂತುಕಂತಾಗಿ ತೀರಿಸುವ ಸಾಲದ ಲೆಕ್ಕ, ಎಲ್ಲವೂ ಅಲ್ಲಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಇಂಥ ವ್ಯವಹಾರದ ಲೆಕ್ಕವನ್ನು ಕನ್ನಡಕ್ಕೇ ತಂದ. ಅವನ ‘ವ್ಯವಹಾರಗಣಿತ’ ನಮಗೆ ಸಿಕ್ಕಿರುವ ಮೊದಲ ಕನ್ನಡ ಗಣಿತ ಗ್ರಂಥಗಳಲ್ಲೊಂದು.

ಮಹಾವೀರನ ಬಡ್ಡಿ ನೂರಕ್ಕೆ ತಿಂಗಳಿಗೆ ಇಷ್ಟು ಎಂಬ ಲೆಕ್ಕದ್ದು. ಹಳ್ಳಿಯ ಕೈಸಾಲದಲ್ಲಿ ಈಗಲೂ ಮಾತು ಅದೇ: ‘ನೂರಕ್ಕೆ ಎರಡು ರೂಪಾಯಿ’ ಎಂದರೆ ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ನಾಲ್ಕು. ಇಂಗ್ಲಿಷರ ಕಾಲದಿಂದ ಬಂದ ಪಠ್ಯಪುಸ್ತಕ ಮಾತ್ರ ವರ್ಷಕ್ಕೆ ಶೇಕಡಾ ಎಷ್ಟು ಎಂಬ ಸೂತ್ರ ಹಿಡಿಯಿತು. ಶಾಲೆಯ ಬಡ್ಡಿಗೂ ಸಂತೆಯ ಬಡ್ಡಿಗೂ ನಂಟು ಕಡಿದದ್ದು ಇಲ್ಲೇ ಇರಬೇಕು.

ಆ ನಂಟನ್ನು ಬೇರೊಂದು ದಾರಿಯಿಂದ ಬೆಸೆಯಲು ಹೊರಟವರು ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ. ಅವರು ಮೊದಲು ಕಟ್ಟಿದ್ದು ಬ್ಯಾಂಕನ್ನಲ್ಲ, ಶಾಲೆಯನ್ನು. 1891ರಲ್ಲಿ ಕೆನರಾ ಹೈಸ್ಕೂಲು, 1894ರಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು. 1906ರಲ್ಲಿ ತೆರೆದ ಕೆನರಾ ಹಿಂದೂ ಪರ್ಮನೆಂಟ್ ಫಂಡ್, ಅಂದರೆ ಇಂದಿನ ಕೆನರಾ ಬ್ಯಾಂಕ್, ಆಮೇಲಿನ ಮಾತು. ಅದರ ಸ್ಥಾಪನಾ ತತ್ವಗಳಲ್ಲಿ ಅಜ್ಞಾನ ತೊಲಗಿಸುವುದು, ವಿದ್ಯೆ ಹರಡುವುದು, ಉಳಿತಾಯದ ಅಭ್ಯಾಸ ಬೆಳೆಸುವುದು ಸೇರಿದ್ದವು. ಸಾಲ ಕೊಡುವ ಸಂಸ್ಥೆ ತನ್ನ ಧ್ಯೇಯದಲ್ಲಿ ವಿದ್ಯೆಯನ್ನೂ ಬರೆದುಕೊಂಡದ್ದು ಸಣ್ಣ ಸಂಗತಿಯಲ್ಲ.

ಅದಕ್ಕೆ ಒಂದು ವರ್ಷ ಮೊದಲು ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಾಲದ ಸಹಕಾರ ಸಂಘ ಕಟ್ಟಿದ್ದರು. 1904ರ ಕಾಯ್ದೆಯಡಿ ಇಂಥ ಹಳ್ಳಿ ಸಂಘಗಳ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಪಕ್ಕದ ಮನೆಯವನು ಸಾಲ ಮುಳುಗಿಸಿದರೆ ಅದು ತನ್ನ ತಲೆಗೂ ಬರುತ್ತಿತ್ತು. ಹೀಗಾಗಿ ಯಾರು ಎಷ್ಟು ಪಡೆದರು, ಏತಕ್ಕೆ, ಯಾವಾಗ ತೀರಿಸುತ್ತಾರೆ ಎಂದು ಊರೇ ಕೂತು ಕೇಳಬೇಕಾಗುತ್ತಿತ್ತು. ದೊಡ್ಡವರ ಪಾಲಿಗೆ ಸಾಲದ ನಿಜವಾದ ಪಾಠ ಅದು.

ಉಡುಪಿಯ ಟಿ. ಎಂ. ಎ. ಪೈ ಮತ್ತು ಜೊತೆಗಾರರು 1928ರಲ್ಲಿ ತಮ್ಮ ಬ್ಯಾಂಕಿನಲ್ಲಿ ಪಿಗ್ಮಿ ಠೇವಣಿ ಶುರುಮಾಡಿದರು. ಏಜೆಂಟ್ ದಿನವೂ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ಎರಡಾಣೆಯನ್ನಾದರೂ ಕೇಳಿ ಪಡೆಯುತ್ತಿದ್ದ. ಮಕ್ಕಳಿಗಾಗಿ ಇಂಥದೇ ಪ್ರಯತ್ನ ಮುಂದೆ ಬಂತು. ಅದು ರಾಷ್ಟ್ರೀಯ ಉಳಿತಾಯ ಇಲಾಖೆಯ ‘ಸಂಚಯಿಕಾ’, ಶಾಲೆಯೊಳಗೆ ವಿದ್ಯಾರ್ಥಿಗಳೇ ನಡೆಸುವ ಪುಟ್ಟ ಬ್ಯಾಂಕು. ಎರಡರಲ್ಲೂ ಕೂಡಿಡುವುದೇ ಪಾಠ. ಸಾಲ ಎಂಬ ಅಧ್ಯಾಯವನ್ನು ಮಕ್ಕಳ ಮುಂದೆ ಯಾರೂ ಬಿಚ್ಚಲಿಲ್ಲ. ಸಾಲವೆಂದರೆ ಮನೆಯಲ್ಲಿ ದನಿ ತಗ್ಗಿಸಿ ಆಡುವ ಮಾತು, ಮಕ್ಕಳನ್ನು ಒಳಗೆ ಕಳಿಸಿ ಆಡುವ ಮಾತು.

ಹೈಸ್ಕೂಲು ಮುಗಿಸುವ ಮುನ್ನವೇ ಮಕ್ಕಳು ಸರಳ ಬಡ್ಡಿ, ಚಕ್ರಬಡ್ಡಿ ಕಲಿತಿರುತ್ತಾರೆ. ಸೂತ್ರ ಬಾಯಿಪಾಠ, ಅಂಕವೂ ಪೂರ್ತಿ. ಆದರೆ ಫೈನಾನ್ಸ್‌ನವನು 12,000 ರೂಪಾಯಿಗೆ ‘ಫ್ಲಾಟ್ 12 ಪರ್ಸೆಂಟ್, ತಿಂಗಳಿಗೆ 1,120, ಹನ್ನೆರಡು ಕಂತು’ ಎಂದಾಗ ಆ ಸೂತ್ರ ಕೈಗೆ ಬರುವುದಿಲ್ಲ. ಬಡ್ಡಿ 1,440 ರೂಪಾಯಿ, ಲೆಕ್ಕ ಸರಿಯಾಗಿಯೇ ಇದೆ. ಆದರೆ ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಇಡೀ 12,000ದ ಮೇಲೆಯೇ ಬೀಳುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ವರ್ಷಕ್ಕೆ ಶೇ. 21 ದಾಟುತ್ತದೆ. ಮಹಾವೀರನ ಕಂತಿನ ಲೆಕ್ಕ ಬೇಕಾಗುವುದು ಇಂಥಲ್ಲಿ. ಕ್ಯಾಂಪ್‌ಬೆಲ್ ಕಂಡ ಅಯ್ಯಗಳಾಗಿದ್ದರೆ ಆ ಸಾಲಪತ್ರವನ್ನೇ ತಂದು ಹುಡುಗರ ಮುಂದೆ ಹರವುತ್ತಿದ್ದರೇನೋ.

ಮೀಟರ್ ಬಡ್ಡಿಯ ಹಾವಳಿಗೆ ಕರ್ನಾಟಕ 2004ರಲ್ಲೇ ವಿಪರೀತ ಬಡ್ಡಿ ನಿಷೇಧ ಕಾಯ್ದೆ ತಂದಿತ್ತು. ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು. ಎರಡೂ ಸಾಲ ಕೊಟ್ಟವನನ್ನು ಹಿಡಿಯುವ ಕಾನೂನುಗಳು. ಇತ್ತ ರಿಸರ್ವ್ ಬ್ಯಾಂಕು 2014ರಿಂದ ಹತ್ತು ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಲು ಅವಕಾಶ ಕೊಟ್ಟಿದೆ. ಸಾಲದ ಕರಾರಿಗೆ ಸಹಿ ಹಾಕುವ ಅರ್ಹತೆ ಬರುವುದು ಹದಿನೆಂಟಕ್ಕೆ. ನಡುವಿನ ಆ ಎಂಟು ವರ್ಷ ಮಕ್ಕಳು ಹೆಚ್ಚುಕಡಿಮೆ ಶಾಲೆ, ಪಿಯುಸಿಗಳಲ್ಲೇ ಇರುತ್ತಾರೆ.